ಮೆಟಲ್ ಟೇಪಿನಲ್ಲಿ ಉಳಿದ ದನಿ

ದೀಪ ಸಣ್ಣ ಮಾಡಿ, ಹತ್ತಿರ ಬನ್ನಿ. ನಂಬೋದು ಬಿಡೋದು ನಿಮಗೆ ಸೇರಿದ್ದು. ಆದದ್ದು ಮಾತ್ರ ನಮ್ಮ ದೊಡ್ಡಮ್ಮನ ಮಗನಿಗೇ.

ಅವತ್ತು ರಾತ್ರಿ ಅಂಗಡಿ ಬಾಗಿಲು ಹಾಕಿ, ಬಾವಿ ಪಕ್ಕದ ದಾರಿಯಲ್ಲಿ ಒಬ್ಬನೇ ಬರ್ತಿದ್ದ. ಕಿವಿಗೆ ಹೆಡ್‌ಫೋನು, ಸೊಂಟದಲ್ಲಿ ವಾಕ್‌ಮನ್. ಗಾಳಿಗೆ ಬಾವಿಯ ರಾಟೆ ಕಿರ್... ಕಿರ್... ಅಂತಿತ್ತು.

ಅವನದು ಹಾಡು ರೆಕಾರ್ಡ್ ಮಾಡಿಕೊಡೋ ಅಂಗಡಿ. ನಾವೆಲ್ಲ ಕರೆಯೋದೇ ಟೇಪಣ್ಣ ಅಂತ. ಮಾಮೂಲಿ ಕ್ಯಾಸೆಟ್ ಕಂಡರೆ ಮೂಗು ಮುರಿಯೋನು. "ಅದರಲ್ಲಿ ಹಾಡಿಗಿಂತ ಮೊದಲು ಸ್ಸ್... ಅನ್ನೋ ಸದ್ದೇ ಕೇಳುತ್ತೆ. ಲೋಹದ ಪುಡಿ ಬಳಿದ ಮೆಟಲ್ ಟೇಪ್ ಹಾಕಿ ನೋಡು, ಹಾಡೋರು ಉಗುಳು ನುಂಗಿದ್ದೂ ಕೇಳುತ್ತೆ" ಅನ್ನೋನು. ಅಂಥದ್ದೊಂದು ಟೇಪಿನಲ್ಲಿ ತನ್ನ ಹೆಂಡತಿಯ, ಅಂದರೆ ನಮ್ಮ ಅತ್ತಿಗೆಯ ಹಾಡು ಹಿಡಿದಿಟ್ಟಿದ್ದ. ಎರಡನೇ ಚರಣದಲ್ಲಿ ಕರೆಂಟ್ ಹೋಗಿ ಅರ್ಧಕ್ಕೇ ನಿಂತ ಹಾಡು. ಆಮೇಲೆ ಅತ್ತಿಗೆಯೇ ಹೋಗಿಬಿಟ್ಟರು. ಅವರ ದನಿ ಅಂತ ಉಳಿದದ್ದು ಅದೊಂದೇ.

ಟೇಪಣ್ಣ ಅಳಲಿಲ್ಲ. ಮಣ್ಣು ಮಾಡಿ ಬಂದವನೇ ಅಂಗಡಿ ತೆಗೆದ. ದೊಡ್ಡಮ್ಮ "ಒಂದ್ಸಲ ಅತ್ತುಬಿಡೋ, ಎದೆ ಹಗುರಾಗುತ್ತೆ" ಅಂದರೆ, "ಬರ್ತಾ ಇಲ್ಲಮ್ಮ" ಅಂದನಂತೆ. ಅಷ್ಟೇ.

ಆ ಮರಗಟ್ಟಿದ ಮನಸ್ಸಲ್ಲೇ ಒಂದು ಎಡವಟ್ಟು ಮಾಡಿಕೊಂಡ. ಕ್ಯಾಸೆಟ್ಟಿನ ಬೆನ್ನಲ್ಲಿರೋ ಪ್ಲಾಸ್ಟಿಕ್ ಹಲ್ಲು ಮುರಿದರೆ ಅದರ ಮೇಲೆ ಬೇರೆ ರೆಕಾರ್ಡ್ ಮಾಡೋಕಾಗಲ್ಲ. ಊರವರ ಕ್ಯಾಸೆಟ್ಟಿನ ಹಲ್ಲೆಲ್ಲ ಮುರಿದುಕೊಡೋ ಪುಣ್ಯಾತ್ಮ, ದುಬಾರಿ ಟೇಪು ಅಂತ ಇದರದ್ದು ಮಾತ್ರ ಮುರಿದಿರಲಿಲ್ಲ. ಯಾರೋ ಗಿರಾಕಿಯ ಬ್ಯಾಂಡ್ ಸಂಗೀತವನ್ನ ಅದರ ಮೇಲೇ ಹಾಕಿಬಿಟ್ಟ.

ಆದರೆ ಅಂಗಡಿಯ ಹಳೇ ಯಂತ್ರಕ್ಕೆ ಮೆಟಲ್ ಟೇಪನ್ನ ಪೂರ್ತಿ ಅಳಿಸೋ ತಾಕತ್ತಿಲ್ಲ. ಬ್ಯಾಂಡು ತಣ್ಣಗಾದ ಕಡೆಯೆಲ್ಲ ಅಡಿಯಿಂದ ಅತ್ತಿಗೆಯ ದನಿ... ಎಳೆಯಷ್ಟು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ದಿನಾ ಅದನ್ನೇ ಕೇಳ್ತಾ ಮನೆಗೆ ಬರೋನು.

ಅವತ್ತು ಬಾವಿ ಹತ್ತಿರ ಬರೋ ಹೊತ್ತಿಗೆ ಎರಡನೇ ಚರಣ. ಕರೆಂಟ್ ಹೋದ ಜಾಗ ಬಂತು...

ಅತ್ತಿಗೆ ನಿಲ್ಲಿಸಲಿಲ್ಲ. ನಿಂತದ್ದು ಬ್ಯಾಂಡು. ಅವರು ಮುಂದಕ್ಕೆ ಹಾಡಿದರು. ಪೂರ್ತಿ ಹಾಡಿದರು.

ಇವನು ಮೆಲ್ಲಗೆ, "ಇನ್ನೊಂದ್ಸಲ ಹಾಡೇ..." ಅಂದ.

ಕಿವಿಯೊಳಗೆ ಸುಂಯ್ ಅಂತ ಉಸಿರೆಳೆದ ಸದ್ದು. "ತಡ ಆಯ್ತು ರೀ... ಮನೆಗೆ ನಡೀರಿ."

ಟಕ್. ಟೇಪು ಮುಗೀತು.

ಬೆಳಿಗ್ಗೆ ನಮ್ಮ ಮನೆಗೆ ಬಂದು ಇಷ್ಟನ್ನೂ ಹೇಳಿ, ವಾಕ್‌ಮನ್ ನನ್ನ ಕೈಲಿಟ್ಟ.

"ಹೆದರಿದ್ಯಾ ಅಣ್ಣಾ?" ಅಂದೆ.

"ಇಲ್ಲ. ಖುಷೀನೂ ಆಗ್ಲಿಲ್ಲ. ಏನೂ ಆಗ್ಲಿಲ್ಲ. ನೀನೊಮ್ಮೆ ಕೇಳು."

ಕೇಳಿದೆ. ಬ್ಯಾಂಡೂ ಇಲ್ಲ, ಅತ್ತಿಗೆಯೂ ಇಲ್ಲ. ಒಬ್ಬ ಗಂಡಸು ಬಿಕ್ಕಿ ಬಿಕ್ಕಿ ಅಳ್ತಿದ್ದ. ಗಂಟಲು ಕಟ್ಟಿದ್ದು, ಮೂಗು ಸೊರ್ ಅಂದದ್ದು, ಉಸಿರು ತಿರುಗಿ ಸಿಕ್ಕಿದ್ದು... ಎಲ್ಲ ಸ್ಪಷ್ಟ. ದನಿ ಟೇಪಣ್ಣನದೇ.

"ಅಂತೂ ಅತ್ತುಬಿಟ್ಟೆಯಲ್ಲಣ್ಣಾ" ಅಂದೆ.

ಒಂದು ಕಡೆ ಹೆಡ್‌ಫೋನು ತನ್ನ ಕಿವಿಗಿಟ್ಟುಕೊಂಡು ಕೊನೇವರೆಗೂ ಕೇಳಿದ. ಕಣ್ಣು ಒಣಗೇ ಇತ್ತು. "ನಾನು ಅತ್ತಿಲ್ಲ ಕಣೋ" ಅಂದ.

ನನ್ನ ಕಿವಿಯಾರೆ ಕೇಳಿದ್ದು ಇದು, ಸುಳ್ಳಲ್ಲ. ಆ ವಾಕ್‌ಮನ್ ಬರೀ ಹಾಡಿಸೋದು. ರೆಕಾರ್ಡ್ ಮಾಡೋ ಗುಂಡಿಯೇ ಅದಕ್ಕಿಲ್ಲ.