ರಸ್ತೆ ದಾಟದ ಎರಡು ವರ್ಷ

ಗ್ರೀಸಿನ ವೋಲೋಸ್ ಊರಿನಲ್ಲಿ, ಮನೆ ಮಾರಾಟದ ಪತ್ರಗಳಿಗೆ ಸಹಿ ಹಾಕಿಸುವ ನೋಟರಿಯ ಬಾಗಿಲಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಮನೆ ದಲ್ಲಾಳಿಗಳಾದ ಅರ್ಗಿರಿಸ್ ಮತ್ತು ಎವಾಂಥಿಯಾ ಕೂತಿದ್ದರು. ಒಂದೇ ಬೀದಿಯಲ್ಲಿ ಎದುರುಬದುರು ಕಚೇರಿ ಇಟ್ಟುಕೊಂಡ ಇವರು ಪರಸ್ಪರ ಮಾತಾಡಿದ್ದನ್ನು ನಾನು ಕಂಡದ್ದು ಅಂದೇ ಮೊದಲು.

“ಇವತ್ತು ಮನೆ ಕೊಳ್ಳೋ ದಂಪತಿ ಎರಡು ವರ್ಷದ ಹಿಂದೇನೇ ನನ್ನ ಹತ್ರ ಬಂದಿದ್ರು, ಅರ್ಗಿರಿಸ್.”

“ಮುದುಕ ಪಂಟೆಲಿಸ್ ತಮ್ಮ ಮನೆ ಮಾರಿಕೊಡಿ ಅಂತ ನನ್ನ ಹತ್ರ ಬಂದಿದ್ದೂ ಆಗಲೇ.”

“ರಸ್ತೆ ದಾಟಿ ಒಂದು ಮಾತು ಹೇಳಬಾರದಿತ್ತಾ?”

“ಗಿರಾಕೀನ ಹಾರಿಸ್ಕೊಂಡು ಹೋಗ್ತೀಯ ಅಂತ ಭಯ. ನೀನು ದಾಟಿದ್ಯಾ?”

“ನಂಗೂ ಅದೇ ಭಯ.”

ಎವಾಂಥಿಯಾ ಬೆಂಚಿನಲ್ಲೇ ಅವನ ಕಡೆ ತಿರುಗಿ ಕೂತಳು.

“ಹೋಗ್ಲಿ ಬಿಡು. ಇನ್ನಾದ್ರೂ ಪಂಟೆಲಿಸ್ ಕವಾಲಾ ಊರಿಗೆ ಹೋಗಿ ಅವರ ಅಕ್ಕನ ಜೊತೆ ಇರ್ತಾರಲ್ಲ.”

“ಅಕ್ಕ ಈಸ್ಟರ್‌ಗೆ ಮುಂಚೇನೇ ತೀರ್ಕೊಂಡ್ರು, ಎವಾಂಥಿಯಾ.”

“ಅಯ್ಯೋ! ಮತ್ತೆ ಮಾರೋದ್ಯಾಕೆ?”

“ಮಾತು ಕೊಟ್ಟಾಗಿದೆ ಅಂತಾರೆ.”

“ಎಲ್ಲಿರ್ತಾರಂತೆ?”

“ಕೇಳೋಕೆ ನಂಗೆ ಬಾಯಿ ಬರ್ಲಿಲ್ಲ.”

ಅಷ್ಟರಲ್ಲಿ ಪಂಟೆಲಿಸ್ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮನೆಯ ಕಾಗದಗಳನ್ನು ಎದೆಗೆ ಒತ್ತಿ ಹಿಡಿದಿದ್ದರು. ಎವಾಂಥಿಯಾ ಎದ್ದು ಅವರನ್ನು ಕೂರಿಸಿದಳು.

“ಮುಂದೆ ಎಲ್ಲಿರ್ತೀರಿ, ಪಂಟೆಲಿಸ್?”

“ನೋಡಿಲ್ಲಮ್ಮ. ಒಬ್ಬನಿಗೆ ಎಲ್ಲಾದ್ರೇನು?”

ಒಳಗಿನಿಂದ ಅವರ ಹೆಸರು ಕೂಗಿದರು. ಅರ್ಗಿರಿಸ್ ಬಾಗಿಲವರೆಗೆ ಹೋಗಿ, “ಇವತ್ತು ಸಹಿ ಬೇಡ,” ಎಂದು ಹೇಳಿ ಬಂದ.

“ಕೊಳ್ಳೋರನ್ನ ನಾನು ಒಂದು ವಾರ ತಡೀತೀನಿ,” ಎಂದಳು ಎವಾಂಥಿಯಾ. “ನೀನು ಇವರಿಗೊಂದು ಸಣ್ಣ ಮನೆ ಹುಡುಕು.”

“ನನ್ನ ಹತ್ರ ಯಾವುದೂ ಇಲ್ಲ.”

“ನನ್ನ ಹತ್ರ ಒಂದಿದೆ. ಬೀಗದ ಕೈ ಕಚೇರೀಲಿದೆ, ನಡಿ.”

ಮುದುಕನನ್ನು ನಡುವೆ ಬಿಟ್ಟುಕೊಂಡು ಇಬ್ಬರೂ ಮೆಟ್ಟಿಲಿಳಿದರು.