ಪಿನ್‌ಬಾಲ್ ಡಬ್ಬದ ಎಡಮಗ್ಗುಲು

ಇದು ನಮ್ಮ ಚಿಕ್ಕಮ್ಮನ ಮಗಳು ಸುಪ್ರಿಯಾಗೆ ಆದದ್ದು. ದೆವ್ವ ಅನ್ನೋದು ಕೆಲಸವಿಲ್ಲದವರ ಕಾಯಿಲೆ ಅನ್ನೋಳು ಅವಳು. ಗಂಡ ದುಶ್ಯಂತನ ಹವ್ಯಾಸಗಳ ಬಗ್ಗೆಯೂ ಅವಳದು ಅದೇ ಅಭಿಪ್ರಾಯ.

ಶನಿವಾರ ರಾತ್ರಿ ಹತ್ತು ಗಂಟೆ. ಮನೆ ತುಂಬಾ ಪೇಂಟ್ ವಾಸನೆ ಅಂತ ಹೋಟೆಲಲ್ಲಿ ಉಂಡು ಇಬ್ಬರೂ ನಡೆದು ಬರ್ತಿದ್ದರು. ಮಲವಗೊಪ್ಪದ ಹಳೇ ಬಾವಿ ಹತ್ತಿರ ದುಶ್ಯಂತ ನಿಂತ.

"ಒಂದು ತಪ್ಪಾಗಿದೆ ಕಣೇ..." ಪಿಸುಗುಟ್ಟಿದ.

"ಒಂದೇನಾ?"

ವಿಷಯ ಇದು. ಸ್ಪ್ರಿಂಗ್ ಎಳೆದು ಉಕ್ಕಿನ ಗುಂಡು ಚಿಮ್ಮಿಸಿ ಆಡ್ತಾರಲ್ಲ, ಅಂಥ ಹಳೇ ಪಿನ್‌ಬಾಲ್ ಮಷಿನ್ ಒಂದನ್ನ ಅವನು ಕಾಗದನಗರದ ಲಿಂಗಪ್ಪನವರಿಂದ ತಂದಿದ್ದ. ಅವರು ರಿಟೈರಾದ ಫಿಟ್ಟರ್. ಯಾವುದೋ ಕ್ಲಬ್ಬು ಮುಚ್ಚಿದಾಗ ಅದನ್ನ ಮನೆಗೆ ತಂದು ಮಗುವಿನ ಹಾಗೆ ನೋಡಿಕೊಂಡವರು. ದುಶ್ಯಂತನಿಗೆ ಸುಮ್ಮನೇ ಕೊಟ್ಟರು, ಒಂದೇ ಮಾತಿನ ಮೇಲೆ. ಡಬ್ಬಕ್ಕೆ ಯಾವ ಬಣ್ಣ ಬೇಕಾದರೂ ಬಳಿ, ಎಡಮಗ್ಗುಲಿನ ವಿಭೂತಿ ಮಾತ್ರ ಮುಟ್ಟಬೇಡ. ಪ್ರತಿ ಆಯುಧಪೂಜೆಗೂ ಅವರ ಹೆಂಡತಿ ಕರಿಬಸಮ್ಮ ಅದೇ ಜಾಗದಲ್ಲಿ ಎಳೆದೂ ಎಳೆದೂ ಗಟ್ಟಿಯಾದ ಗುರುತು ಅದು. ಆಕೆ ತೀರಿಕೊಂಡು ಎರಡು ವರ್ಷ. ಅವಳ ಕೈಯಿಂದ ಉಳಿದದ್ದು ಅಂದರೆ ಅದೊಂದೇ.

"ಉಪ್ಪುಕಾಗದ ಹಾಕಿ ಉಜ್ಜಿಬಿಟ್ಟೆ. ಕೊಳೆ ಅಂದ್ಕೊಂಡೆ."

"ಅವರು ಹೇಳಿದ್ದರಲ್ಲ?"

"ಹೇಳ್ತಿದ್ದರು... ನಾನು ಫೋನ್ ನೋಡ್ತಿದ್ದೆ."

"ಭೇಷ್. ಹೇಗಿತ್ತು ಅದು?"

"ವಿಭೂತಿ... ವಿಭೂತಿ ಥರಾನೇ."

"ಕಣ್ಣಿರೋದು ಕನ್ನಡಕ ಹಾಕ್ಕೊಳ್ಳೋಕಾ ಮಾರಾಯ?"

"ನಾಳೆ ಹತ್ತಕ್ಕೆ ಆ ವಿಭೂತಿ ನೋಡೋಕೆ ಬರ್ತಾರಂತೆ, ಸಂಜೆ ಫೋನ್ ಮಾಡಿದಾಗಲೇ ನನಗೆ ಹೊಳೆದದ್ದು ಕಣೇ. ನೀನು ಎಳೆದುಬಿಡು. ಹೆಂಗಸಿನ ಬೆರಳು... ಗೊತ್ತಾಗಲ್ಲ."

ಅವನನ್ನ ಅಲ್ಲೇ ಬಾವಿಗೆ ನೂಕಿ ಬಂದಿದ್ದರೆ ಯಾರೂ ಕೇಳ್ತಿರಲಿಲ್ಲ. ಆದರೆ ಮಷಿನ್ ಆಟೋಗೆ ಏರಿಸುವಾಗ ಲಿಂಗಪ್ಪ ಆ ಮಗ್ಗುಲು ಸವರುತ್ತಾ ನಿಂತದ್ದು ಅವಳ ಕಣ್ಣಿಗೆ ಕಟ್ಟಿತ್ತು. ಸುಳ್ಳಾದರೂ ಸರಿ, ಆ ಮುದುಕ ಖಾಲಿ ಹಲಗೆ ನೋಡಬಾರದು.

ಹಾಲ್‌ನಲ್ಲಿ ಎರಡು ಸ್ಟೂಲುಗಳ ಮೇಲೆ ಡಬ್ಬ. ಒಳಗೆ ಏನೂ ಇಲ್ಲ... ಸ್ಪ್ರಿಂಗ್, ಗಂಟೆ, ಗುಂಡುಗಳು ಎಲ್ಲಾ ಬಿಚ್ಚಿ ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿತ್ತು. ಸಂಜೆ ಬಳಿದ ನೀಲಿ ಎನಾಮಲ್ ಇನ್ನೂ ಅಂಟಂಟು. ಸುಪ್ರಿಯಾ ವಿಭೂತಿ ಕಲಸಿ ಮೂರು ಬೆರಳಲ್ಲಿ ಮೂರು ಗೆರೆ ಎಳೆದಳು. ಬಣ್ಣಕ್ಕೆ ಕಚ್ಚಿಕೊಂಡಿತು. ಇನ್ನು ಅಳಿಸಬೇಕು ಅಂದರೆ ಎನಾಮಲ್ಲೂ ಕಿತ್ತು ಬರಬೇಕು.

"ನಿನ್ನ ಹೆಸರಲ್ಲಿ ನನಗೆ ಪಾಪ," ಅಂದು ಕೈ ತೊಳೆದಳು.

ರಾತ್ರಿ ಎರಡೋ ಎರಡೂವರೆಯೋ...

ಕ್ರೀಂಯ್... ಸ್ಪ್ರಿಂಗ್ ಎಳೆದ ಸದ್ದು. ಟಕ್. ಆಮೇಲೆ ಹಲಗೆಯ ಮೇಲೆ ಗುಂಡು ಉರುಳಿದ ಹಾಗೆ, ಗುರ್‌ರ್‌ರ್... ಟಿಣ್.

ಹಾಲ್‌ನಿಂದ.

"ಇಲಿ," ಅಂದಳು ಸುಪ್ರಿಯಾ.

"ಇಲಿ ಸ್ಪ್ರಿಂಗ್ ಎಳೆಯತ್ತಾ?" ದುಶ್ಯಂತ ಹೊದಿಕೆಯೊಳಗಿಂದ.

"ನಿನಗಿಂತ ಚುರುಕಾಗಿರಬಹುದು. ಎದ್ದು ನೋಡು, ಗಂಡಸು."

ಅವನು ಏಳಲಿಲ್ಲ. ನಿಜ ಹೇಳಬೇಕೂಂದ್ರೆ, ಅವಳೂ ಏಳಲಿಲ್ಲ. ಕೊನೆಗೆ ಒಂದು ಸಣ್ಣ ಸದ್ದು... ಸರ್‌ಕ್... ಒದ್ದೆ ಕಲ್ಲಿನ ಮೇಲೆ ಬೆರಳು ಜಾರಿದ ಹಾಗೆ. ಅಷ್ಟೇ.

ಬೆಳಗ್ಗೆ ನೋಡಿದರೆ ಎರಡೇ ಗೆರೆ. ನಡುವಿನದು ಇಲ್ಲ.

"ಒರೆಸಿದೆಯಾ, ದರಿದ್ರದೋನೇ?"

"ಅಮ್ಮನಾಣೆ ಇಲ್ಲ ಕಣೇ!"

ಸರಿಮಾಡೋಣ ಅನ್ನುವಷ್ಟರಲ್ಲಿ ಬೆಲ್ಲು. ಲಿಂಗಪ್ಪ ಅರ್ಧ ಗಂಟೆ ಮೊದಲೇ ಬಂದಿದ್ದರು. ಹೊಸ ಬಣ್ಣದ ಕಡೆ ಅವರು ತಿರುಗಿಯೂ ನೋಡಲಿಲ್ಲ. ನೇರ ಎಡಮಗ್ಗುಲಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತರು. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡರು.

"ಮಾತು ಉಳಿಸ್ಕೊಂಡೆಯಪ್ಪ. ಹಾಗೇ ಬಿಟ್ಟಿದೀಯ."

ದುಶ್ಯಂತ ನಾಚಿಕೆಯಿಲ್ಲದೆ ತಲೆಯಾಡಿಸಿದ. ಸುಪ್ರಿಯಾಗೆ ತಡೆಯಲಾಗಲಿಲ್ಲ.

"ಎರಡೇ ಗೆರೆ ಯಾಕಜ್ಜ?"

"ಅವಳಿಗೆ ನಡುಬೆರಳು ಎಲ್ಲಿತ್ತಮ್ಮ? ಮದುವೆಗೆ ಮುಂಚೇನೇ ಮೇವು ಕತ್ತರಿಸೋ ಮಷಿನ್‌ಗೆ ಸಿಕ್ಕಿ ಹೋಗಿತ್ತು."

ಸುಪ್ರಿಯಾ ಇದನ್ನ ಹೇಳಿದಾಗ ನಾನು ನಕ್ಕೆ. ಆಮೇಲೆ ಹೋಗಿ ಟಾರ್ಚ್ ಬಿಟ್ಟು ನೋಡಿದೆ. ಎರಡು ಗೆರೆಗಳ ನಡುವೆ ನೀಲಿ ಬಣ್ಣ ಕನ್ನಡಿ ಹಾಗೆ ನುಣ್ಣಗಿದೆ. ಒರೆಸಿದ್ದಿಲ್ಲ, ಕಿತ್ತದ್ದಿಲ್ಲ, ಮೇಲೆ ಬಳಿದದ್ದೂ ಇಲ್ಲ. ಯಾರೋ ಹೇಳಿದ್ದಲ್ಲ ಇದು... ನನ್ನ ಉಗುರಲ್ಲೇ ಕೆರೆದು ನೋಡಿದೀನಿ.