ಅಕ್ಕಿ ಹೆಚ್ಚಿದೆ

ಒಂದು ಊರು. ಆ ಊರಿನಲ್ಲಿ ಒಬ್ಬ ಸಾಹುಕಾರ ಇದ್ದ. ಇದ್ದ ಅಂದೆ, ಗಮನಿಸಿ. ಈ ಕಥೆ ಶುರುವಾಗುವ ಹೊತ್ತಿಗೆ ಮನುಷ್ಯ ಉಳಿದಿದ್ದ, ಸಾಹುಕಾರಿಕೆ ಹೋಗಿತ್ತು. ಆದರೂ ಊರವರು ಅವನನ್ನು ಸಾಹುಕಾರ್ರೇ ಅಂತಲೇ ಕರೆಯುತ್ತಿದ್ದರು. ಕೆಲವರು ಅಭ್ಯಾಸಬಲದಿಂದ, ಕೆಲವರು ಚುಚ್ಚುವುದಕ್ಕೆ. ಯಾರು ಯಾವುದಕ್ಕೆ ಕರೆಯುತ್ತಿದ್ದಾರೆ ಅಂತ ಅವನಿಗೆ ಗೊತ್ತಾಗುತ್ತಿರಲಿಲ್ಲ. ಅವನ ಕಷ್ಟ ಅಲ್ಲಿಂದಲೇ ಶುರು.

ಅವನದು ಶೇಂಗಾ ಎಣ್ಣೆಯ ಮಿಲ್ಲು. ಜೊತೆಗೊಬ್ಬ ಪಾಲುದಾರ. ಒಂದೇ ತಟ್ಟೆಯಲ್ಲಿ ಉಂಡವನು, ಒಂದೇ ಬೀಡಿಯ ಬೆಂಕಿ ಹಂಚಿಕೊಂಡವನು. ಅವನು ಒಂದು ದಿನ ನಗುನಗುತ್ತಾ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ. ಮೂರು ತಿಂಗಳಿಗೆ ಮಿಲ್ಲು ಅವನದಾಯಿತು. ಸಾಹುಕಾರನಿಗೆ ಮನೆ ಉಳಿಯಿತು, ಹೆಂಡತಿ ಉಳಿದಳು. ಮಕ್ಕಳಿರಲಿಲ್ಲ. ಅಡುಗೆಯವನನ್ನೂ ಕಸಮುಸುರೆಯವಳನ್ನೂ ಕಳಿಸಬೇಕಾಯಿತು. ದೊಡ್ಡ ಮನೆಯಲ್ಲಿ ಇಬ್ಬರೇ.

ಹೋದದ್ದು ಮಿಲ್ಲು ಮಾತ್ರವೇ? ನಗುವವರ ಮೇಲಿನ ನಂಬಿಕೆಯೂ ಹೋಯಿತು. ಯಾರಾದರೂ ನಕ್ಕರೆ, ಯಾಕೆ ನಕ್ಕ ಎಂದು ಯೋಚಿಸುತ್ತಿದ್ದ. ಯಾರಾದರೂ ಸುಮ್ಮನಿದ್ದರೆ, ಏನು ಮುಚ್ಚಿಡುತ್ತಿದ್ದಾನೆ ಎಂದು ಯೋಚಿಸುತ್ತಿದ್ದ. ನೋಡಿ, ಸಂಶಯ ಅನ್ನುವುದು ಮೊದಲು ಬೀದಿಯಲ್ಲಿ ಓಡಾಡುತ್ತದೆ. ಆಮೇಲೆ ಚಪ್ಪಲಿ ಬಿಟ್ಟು ಮನೆಯೊಳಗೆ ಬರುತ್ತದೆ.

ಹೆಂಡತಿ ಸುಮ್ಮನಿರುವ ಸ್ವಭಾವದವಳು. ಅಳಲಿಲ್ಲ, ಆಡಲಿಲ್ಲ. ಸೆರಗು ಕಟ್ಟಿ ಅಡುಗೆಮನೆಗೆ ಇಳಿದಳು. ಒಂದೇ ಕಾಫಿಪುಡಿಗೆ ಎರಡು ಸಲ ಬಿಸಿನೀರು ಹಾಕಿ ಡಿಕಾಕ್ಷನ್ ಇಳಿಸಿದಳು. ಮಜ್ಜಿಗೆಗೆ ನೀರು ಸೇರಿಸಿದಳು. ಹರಿದ ಪಂಚೆಯನ್ನು ಎರಡು ಟವೆಲ್ ಮಾಡಿದಳು. ಒಂದು ದಿನ ಹೀರೇಕಾಯಿ ಸಿಪ್ಪೆಯ ಚಟ್ನಿ ಮಾಡಿ ಬಡಿಸಿದಳು. ಸಾಹುಕಾರ ನೆಕ್ಕಿಕೊಂಡು ತಿಂದ. ತಿಂದು, ಕೈ ತೊಳೆಯುವಾಗ ತಲೆಯಲ್ಲಿ ಒಂದು ಹುಳ ಹೊಕ್ಕಿತು.

"ಸಿಪ್ಪೆ ನನ್ನ ಎಲೆಗೆ ಬಂತು. ಹೀರೇಕಾಯಿ ಯಾರ ಎಲೆಗೆ ಹೋಯಿತು?"

ನಗಬೇಡಿ. ಇಂಥ ಲೆಕ್ಕ ನಾವೂ ಹಾಕಿದ್ದೇವೆ. ಹಾಕಿ, ಬಾಯಿ ಬಿಡದೆ ಎದ್ದು ಹೋಗಿದ್ದೇವೆ.

ಅದಾದ ನಾಲ್ಕನೇ ದಿನ. ಅವನು ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿದ್ದಾನೆ. ಹೆಂಡತಿ ಬಾಗಿಲ ಹತ್ತಿರ ಬಂದು ನಿಂತಳು.

"ರೀ, ಅಕ್ಕಿ ಹೆಚ್ಚಿದೆ."

ಅವನು ತಲೆ ಎತ್ತಲಿಲ್ಲ. "ಒಳ್ಳೇದಾಯ್ತು" ಅಂದ.

ಅವಳು ಅಲ್ಲೇ ನಿಂತಳು. ಇನ್ನೇನಾದರೂ ಹೇಳುತ್ತಾನೇನೋ ಅಂತ ಕಾದಳು. ಅವನು ಪೇಪರಿನ ಹಾಳೆ ತಿರುವಿದ. ಅವಳು ಒಳಗೆ ಹೋದಳು.

ಆಹಾ, ತಾಯಂದಿರ ಕಡೆಯಿಂದ ನಗು ಕೇಳಿಸುತ್ತಿದೆ. ಗಂಡಸರ ಕಡೆ ಸದ್ದಿಲ್ಲ! ಅಮ್ಮಾ, ಗೊತ್ತಿದ್ದವರು ಪಕ್ಕದವರಿಗೆ ಹೇಳಬೇಡಿ. ಸ್ವಲ್ಪ ತಾಳಿ.

ಅವಳು ಹೋದ ಮೇಲೆ ಸಾಹುಕಾರನಿಗೆ ಪೇಪರು ಓದಲಾಗಲಿಲ್ಲ. ಮಿಲ್ಲು ಇದ್ದಾಗ ಮೂಟೆಗಟ್ಟಲೆ ಅಕ್ಕಿ ಬರುತ್ತಿತ್ತು, ಆಗ ಹೆಚ್ಚಿದೆ ಅಂತ ಯಾರೂ ಹೇಳಲಿಲ್ಲ. ಈಗ ಮಜ್ಜಿಗೆಗೆ ನೀರು ಬೆರೆಸುವ ಕಾಲ. ಈಗ ಅಕ್ಕಿ ಹೆಚ್ಚುವುದು ಹೇಗೆ? ನನ್ನ ಹೊಟ್ಟೆಗೆ ಕಡಿಮೆ ಹಾಕಿ ಉಳಿಸಿದಳೇ? ಉಳಿಸಿದ್ದನ್ನು ಏನು ಮಾಡುತ್ತಾಳೆ?

ಎರಡು ದಿನ ಕಳೆಯಿತು. ಹಿತ್ತಲ ಬಾಗಿಲಲ್ಲಿ ಹೆಂಡತಿ ಪಕ್ಕದ ಮನೆಯವಳ ಜೊತೆ ಮಾತಾಡುತ್ತಿದ್ದಳು. ಆ ಪಕ್ಕದ ಮನೆಯವಳ ಹೆಸರು ದಾಕ್ಷಾಯಿಣಮ್ಮ. ಸಾಹುಕಾರನಿಗೆ ನಾನು ಹೆಸರು ಕೊಟ್ಟಿಲ್ಲ, ಈಕೆಗೆ ಕೊಡುತ್ತೇನೆ. ಯಾಕೆಂದರೆ ಇಂಥವರ ಹೆಸರನ್ನು ಊರಲ್ಲಿ ಯಾರೂ ಕೂಗಿ ಹೇಳುವುದಿಲ್ಲ. ಉದ್ದಿನ ಹಪ್ಪಳ ಮಾಡಿ ಅಂಗಡಿಗಳಿಗೆ ಕೊಡುವವಳು.

ಸಾಹುಕಾರ ಗೋಡೆಗೆ ಕಿವಿ ಇಟ್ಟ.

"ಅಕ್ಕಿ ಹೆಚ್ಚಿ ಆಗಲೇ ಮೂರು ದಿನ ಆಯ್ತು ಕಣೇ" ಹೆಂಡತಿಯ ದನಿ. "ಬೇಳೆನೂ ಹೆಚ್ಚಿದೆ. ಇವರಿಗೆ ಹೇಳಿದ್ರೆ ಒಳ್ಳೇದಾಯ್ತು ಅಂದುಬಿಟ್ರು. ಇನ್ನೇನು ಹೇಳೋದು?"

"ಗಂಡಸರ ಬಿಗುಮಾನ ಬಿಡಕ್ಕಾ" ದಾಕ್ಷಾಯಿಣಮ್ಮ ಅಂದಳು. "ನೀನು ನಾಳೆಯಿಂದ ಮಧ್ಯಾಹ್ನ ಬಾ. ಬರುವಾಗ ಪಾತ್ರೆ ತಗೊಂಡು ಬಾ. ಯಾರಿಗೂ ಹೇಳಬೇಕಾಗಿಲ್ಲ."

ಯಾರಿಗೂ ಹೇಳಬೇಕಾಗಿಲ್ಲ! ಈ ಮಾತು ಸಾಕಲ್ಲ? ಪಾಲುದಾರ ಸಹಿ ಹಾಕಿಸಿಕೊಳ್ಳುವಾಗಲೂ ಇದನ್ನೇ ಹೇಳಿದ್ದ. ಅವನು ಎದ್ದ. ಹಳೆಯ ಮಿಲ್ಲಿನ ಬೀಗವೊಂದು ಮನೆಯಲ್ಲಿತ್ತು. ಅದನ್ನು ತಂದು ಉಗ್ರಾಣದ ಬಾಗಿಲಿಗೆ ಜಡಿದ. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

ಜಡಿಯುವ ಮೊದಲು ಒಳಗೆ ಒಮ್ಮೆ ಇಣುಕಿದನೇ? ಇಲ್ಲ. ಸಂಶಯ ಇರುವವನು ಇಣುಕುವುದಿಲ್ಲ. ಇಣುಕಿದರೆ ಸಂಶಯ ಮುಗಿದುಹೋಗುತ್ತದಲ್ಲ!

ಹೆಂಡತಿ ಬೀಗ ನೋಡಿದಳು. ಅವನ ಮುಖ ನೋಡಿದಳು. ಬೀಗದ ಕೈ ಕೊಡಿ ಅಂತ ಕೇಳಲಿಲ್ಲ. ಯಾಕೆ ಹಾಕಿದಿರಿ ಅಂತಲೂ ಕೇಳಲಿಲ್ಲ. ಅವತ್ತು ರಾತ್ರಿಯೂ ತಟ್ಟೆಗೆ ಅನ್ನ ಬಂತು. ಮರುದಿನವೂ ಬಂತು. ಉಗ್ರಾಣಕ್ಕೆ ಬೀಗ ಇದೆ, ಒಲೆಯ ಮೇಲೆ ಅನ್ನ ಬೇಯುತ್ತಿದೆ! ಸಾಹುಕಾರ ಒಂದೊಂದು ತುತ್ತನ್ನೂ ಅನುಮಾನದಿಂದ ನುಂಗಿದ. ಅಂದರೆ, ಬೀಗ ಹಾಕುವ ಮೊದಲೇ ಸಾಗಿಸಿಬಿಟ್ಟಿದ್ದಾಳೆ. ಅದಕ್ಕೇ ಬೀಗದ ಕೈ ಕೇಳುತ್ತಿಲ್ಲ.

ಮಧ್ಯಾಹ್ನ ಅವನು ಕಣ್ಣು ಮುಚ್ಚಿ ಮಲಗಿದಂತೆ ನಟಿಸುತ್ತಿದ್ದ. ಅವಳು ಪಾತ್ರೆಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಂದ ಹೊರಡುತ್ತಿದ್ದಳು. ಹಿಂದೆ ಹೋಗಿ ನೋಡಬಹುದಿತ್ತು. ಆದರೆ ಸಾಹುಕಾರ ಹೆಂಡತಿಯ ಬೆನ್ನ ಹಿಂದೆ ಬೀದಿಯಲ್ಲಿ ಹೋಗುವುದೇ? ಸಂಜೆ ಅವಳು ನೀರಿನ ಲೋಟ ಕೊಡುವಾಗ ಕೈಯಿಂದ ಘಮ್ಮನೆ ಇಂಗಿನ ವಾಸನೆ ಬರುತ್ತಿತ್ತು. ನಮ್ಮನೆ ಸಾರಿಗೆ ಇಂಗು ಬಿದ್ದು ತಿಂಗಳಾಯಿತು. ಇವಳು ಎಲ್ಲಿ, ಯಾರಿಗೆ, ಏನು ಅಡುಗೆ ಮಾಡಿ ಬಡಿಸಿ ಬರುತ್ತಿದ್ದಾಳೆ?

ಕೇಳಲಿಲ್ಲ. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಆ ಮನೆಯ ಮೌನಕ್ಕೆ ಎರಡು ಬಾಯಿ ಇದ್ದವು. ಒಂದು ನೋವು ನುಂಗುತ್ತಿತ್ತು, ಇನ್ನೊಂದು ವಿಷ ಅರೆಯುತ್ತಿತ್ತು. ಹೊರಗಿನಿಂದ ನೋಡಿದವರಿಗೆ, ಪಾಪ, ಕಷ್ಟದಲ್ಲೂ ಎಷ್ಟು ಶಾಂತವಾಗಿದ್ದಾರೆ!

ಬೀಗ ಹಾಕಿದ ಹನ್ನೆರಡನೇ ದಿನ ಅವನು ಹೆಂಡತಿಯ ಅಣ್ಣನಿಗೆ ಹೇಳಿಕಳಿಸಿದ. "ಬಂದು ನಿಮ್ಮ ತಂಗಿಯನ್ನು ಕರೆದುಕೊಂಡು ಹೋಗಿ."

ಅಣ್ಣ ಹತ್ತಿರದ ಊರಿನ ಶಾಲೆಯಲ್ಲಿ ಮೇಷ್ಟ್ರು. ಬೆಳಗಿನ ಬಸ್ಸಿಗೇ ಬಂದ. ತಂಗಿ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿದ್ದಳು. ಸಾಹುಕಾರ ಪಡಸಾಲೆಯ ನಡುವೆ ನಿಂತಿದ್ದ. ಹದಿನೆಂಟು ವರ್ಷದ ಸಂಸಾರ ಅವರಿಬ್ಬರ ನಡುವೆ ನಿಂತಿತ್ತು.

"ಏನಾಯ್ತು ಭಾವ?" ಅಂದ ಅಣ್ಣ.

"ಏನಾಯ್ತು ಅಂತ ನಾನು ಹೇಳಲ್ಲ. ನೀವೇ ನೋಡಿ." ಸಾಹುಕಾರ ಉಡಿದಾರದಿಂದ ಬೀಗದ ಕೈ ಬಿಚ್ಚಿ ಅವನ ಅಂಗೈಗೆ ಹಾಕಿದ. "ಮನೆಯಲ್ಲಿ ಅಕ್ಕಿ ಹೆಚ್ಚಿದೆ, ಬೇಳೆ ಹೆಚ್ಚಿದೆ ಅಂತ ಇವಳೇ ಪಕ್ಕದ ಮನೆಗೆ ಹೇಳಿದ್ದನ್ನ ನನ್ನ ಕಿವಿಯಾರೆ ಕೇಳಿದೀನಿ. ಅದರಲ್ಲಿ ಎಷ್ಟು ಉಳಿದಿದೆ, ಎಷ್ಟು ಸಾಗಿದೆ, ನೀವೇ ಹೇಳಿ."

ಅಣ್ಣ ಬೀಗ ತೆಗೆದ. ಅಕ್ಕಿಯ ಡ್ರಮ್ಮಿನ ಮುಚ್ಚಳ ಎತ್ತಿದ. ತಳದಲ್ಲಿ ಒಂದು ಜೇಡ ಬಲೆ ಕಟ್ಟಿಕೊಂಡು ಸುಖವಾಗಿತ್ತು. ಬೇಳೆ ಡಬ್ಬಿ ಅಲ್ಲಾಡಿಸಿದ, ಸದ್ದಿಲ್ಲ. ಬೆಲ್ಲದ ಜಾಡಿ, ಎಣ್ಣೆಯ ಡಬ್ಬ, ಹಿಟ್ಟಿನ ಡಬ್ಬ. ಒಂದೊಂದನ್ನೇ ತೆಗೆದು ನೋಡಿ, ಒಂದೊಂದನ್ನೇ ಮುಚ್ಚಿದ. ಹೊರಗೆ ಬಂದಾಗ ಅವನ ಕಣ್ಣು ಕೆಂಪಾಗಿತ್ತು.

"ಎಲ್ಲಾ ಹೆಚ್ಚಿಬಿಟ್ಟಿದೆಯಲ್ಲವ್ವಾ" ಅಂದ ತಂಗಿಗೆ.

"ಅದನ್ನೇ ನಾನೂ ಹೇಳ್ತಿರೋದು!" ಸಾಹುಕಾರ ಕೂಗಿದ. "ಹೆಚ್ಚಿದ್ದೆಲ್ಲ ಎಲ್ಲಿ? ಖಾಲಿ ಡಬ್ಬ ತೋರಿಸಿ ಹೆಚ್ಚಿದೆ ಅಂತೀರಲ್ಲ, ಅಣ್ಣತಂಗಿ ಇಬ್ಬರೂ ಸೇರಿಕೊಂಡು ನಾಟಕ ಆಡ್ತಿದ್ದೀರಾ?"

ಅಣ್ಣ ಅವನನ್ನೇ ನೋಡಿದ. ಆಮೇಲೆ ಮೇಷ್ಟ್ರು ಮಗುವಿಗೆ ಪಾಠ ಹೇಳುವ ದನಿಯಲ್ಲಿ ಕೇಳಿದ.

"ಸಾಹುಕಾರ್ರೇ, ಹೆಚ್ಚಿದೆ ಅಂದ್ರೆ ಏನು ಅಂದ್ಕೊಂಡಿದ್ರಿ?"

"ಜಾಸ್ತಿ ಆಗಿದೆ ಅಂತ. ಇನ್ನೇನು?"

"ಮುಗಿದಿದೆ ಅಂತ. ನಮ್ಮವ್ವ ಅಡುಗೆಮನೆಯಲ್ಲಿ ನಿಂತು ಅಕ್ಕಿ ಇಲ್ಲ ಅಂತ ಯಾವತ್ತೂ ಅಂದೋಳಲ್ಲ. ಇಲ್ಲ ಅಂದ್ರೆ ಲಕ್ಷ್ಮಿ ಕೇಳಿಸ್ಕೊಂಡು ಎದ್ದು ಹೋಗ್ತಾಳೆ ಅಂತ. ಹೆಚ್ಚಿದೆ ಅನ್ನಬೇಕು. ನಮ್ಮ ಮನೆಯಲ್ಲಿ ಎಲ್ಲರೂ ಹಂಗೇ ಅಂತಾರೆ. ಮದುವೆಯಾಗಿ ಹದಿನೆಂಟು ವರ್ಷ ಆಯ್ತು. ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು? ನಾಲ್ಕು ವರ್ಷದವನಿದ್ದಾಗಲೇ ತಾಯಿ ಹೋಗಿದ್ದಳು. ಬೆಳೆಸಿದ್ದು ಅಪ್ಪ ಮತ್ತು ಅಡುಗೆಯವನು. ಮದುವೆಯಾದ ಮೇಲೆ ಏನು ತರಬೇಕು ಅಂತ ಹೆಂಡತಿ ಹೇಳುತ್ತಿದ್ದದ್ದು ಅಡುಗೆಯವನಿಗೆ. ಅವನು ಹೇಳುತ್ತಿದ್ದದ್ದು ಅಂಗಡಿಗೆ. ಸಾಹುಕಾರನಿಗೆ ಬರುತ್ತಿದ್ದದ್ದು ಬಡಿಸಿದ ತಟ್ಟೆ ಮಾತ್ರ. ಹದಿನೆಂಟು ವರ್ಷ ಆ ಅಡುಗೆಮನೆಯಿಂದ ಉಂಡ. ಅಲ್ಲಿಯ ಒಂದು ಮಾತನ್ನೂ ಕಲಿಯಲಿಲ್ಲ.

"ನನಗೆ ಬಿಡಿಸಿ ಹೇಳಬಹುದಿತ್ತಲ್ಲ" ಅಂದ ಹೆಂಡತಿಗೆ. ದನಿ ಇಳಿದಿತ್ತು.

"ಹೇಳಿದೆ. ಒಳ್ಳೇದಾಯ್ತು ಅಂದ್ರಿ." ಅವಳು ಮೊದಲ ಸಲ ಅವನ ಕಣ್ಣಿಗೆ ಕಣ್ಣಿಟ್ಟು ಮಾತಾಡಿದಳು. "ಉಪವಾಸ ಬಿದ್ದರೂ ಒಳ್ಳೇದೇ ಅನ್ನೋವಷ್ಟು ಬೇಜಾರಾಗಿದೆಯೇನೋ ಅಂದ್ಕೊಂಡೆ. ಆಮೇಲೆ ಬೀಗ ಹಾಕಿದ್ರಿ. ಒಳಗೆ ಏನೂ ಇರ್ಲಿಲ್ಲ. ಬೀಗದ ಕೈ ಯಾಕೆ ಕೇಳಲಿ?"

ಹನ್ನೆರಡು ದಿನ ಅವನು ಕಾವಲು ಕಾದದ್ದು ಒಂದು ಜೇಡವನ್ನು.

ಉಳಿದದ್ದನ್ನು ಅವಳು ತಾನಾಗಿ ಹೇಳಲಿಲ್ಲ, ಅಣ್ಣನೇ ಕೇಳಿ ಕೇಳಿ ಬಾಯಿ ಬಿಡಿಸಿದ. ಮಧ್ಯಾಹ್ನ ದಾಕ್ಷಾಯಿಣಮ್ಮನ ಮನೆಯಲ್ಲಿ ಹಪ್ಪಳ ಒತ್ತುತ್ತಿದ್ದಳು. ಇಂಗು ಆ ಹಪ್ಪಳದ ಹಿಟ್ಟಿನದು. ಹೋಗುವಾಗ ಪಾತ್ರೆ ಖಾಲಿ, ಬರುವಾಗ ಎರಡು ಪಾವು ಅಕ್ಕಿ. ಮೊದಲ ಮೂರು ದಿನದ ಅಕ್ಕಿಯೂ ದಾಕ್ಷಾಯಿಣಮ್ಮನಿಂದಲೇ ತಂದ ಸಾಲ. ಹೀರೇಕಾಯಿ ದಾಕ್ಷಾಯಿಣಮ್ಮನ ಮನೆಯ ಪಲ್ಯಕ್ಕೆ ಹೋಗಿತ್ತು, ಬಿಸಾಡುವ ಸಿಪ್ಪೆಯನ್ನು ಇವಳು ಕೇಳಿ ತಂದಿದ್ದಳು. ಗಂಡ ಉಂಡ ಮೇಲೆ ಪಾತ್ರೆಯಲ್ಲಿ ಎಷ್ಟು ಉಳಿಯುತ್ತಿತ್ತು ಅಂತ ಅಣ್ಣ ಕೇಳಿದ. ಅವಳು ಸಡಿಲವಾಗಿ ಜಾರುತ್ತಿದ್ದ ಬಳೆಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಹೊರಡು" ಅಂದ ಅಣ್ಣ. "ಸೀರೆ ಎರಡು ತಗೋ. ಇಲ್ಲಿ ನಿನಗೆ ಕೆಲಸ ಇಲ್ಲ."

ಬೇಡ ಅಂತ ಸಾಹುಕಾರ ಯಾವ ಬಾಯಲ್ಲಿ ಅನ್ನಬೇಕು? ಕರೆಸಿದವನೇ ಅವನು. ಮಿಲ್ಲು ಹೋದದ್ದು ಇನ್ನೊಬ್ಬನ ಮೋಸದಿಂದ. ಇದು ಹಾಗಲ್ಲ. ಇವಳು ಹೊರಟುಹೋದರೆ ಅದಕ್ಕೆ ಸಹಿ ತನ್ನದೊಬ್ಬನದೇ.

ಅವಳು ಒಳಗೆ ಹೋದಳು. ಸೀರೆ ತರಲಿಲ್ಲ. ಪಾತ್ರೆ ತಂದಳು.

"ಅಣ್ಣಾ, ಊಟ ಮಾಡದೆ ನಿನ್ನ ಕಳಿಸಕ್ಕಾಗಲ್ಲ. ಹೋಗೋ ವಿಚಾರ ಆಮೇಲೆ" ಅಂದಳು. "ಅಕ್ಕಿ ತಂದು ಅನ್ನ ಮಾಡ್ತೀನಿ."

ಸಾಹುಕಾರ ಕೈ ಚಾಚಿದ. ಅವಳು ಪಾತ್ರೆಯನ್ನು ತಕ್ಷಣ ಕೊಡಲಿಲ್ಲ. ಅವನ ಕೈಯನ್ನು ನೋಡಿದಳು. ಹದಿನೆಂಟು ವರ್ಷದಲ್ಲಿ ಆ ಕೈ ತುಂಬಿದ ತಟ್ಟೆಯನ್ನು ಹಿಡಿದದ್ದನ್ನು ಕಂಡಿದ್ದಳು. ಖಾಲಿ ಪಾತ್ರೆ ಹಿಡಿದದ್ದನ್ನು ಕಂಡಿರಲಿಲ್ಲ. ಆಮೇಲೆ ಕೊಟ್ಟಳು.

ಅವನು ಸೆರಗಿನ ಮರೆಯಿಲ್ಲದೆ ಪಾತ್ರೆಯನ್ನು ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು, ಹಿತ್ತಲಿಂದಲ್ಲ, ಮುಂಬಾಗಿಲಿಂದ ಇಳಿದು ದಾಕ್ಷಾಯಿಣಮ್ಮನ ಮನೆ ಮುಂದೆ ನಿಂತ. ಬೇಡುವುದು ಕಷ್ಟವೇ. ಆದರೆ ಅವನಿಗೆ ಕಷ್ಟವಾದದ್ದು ಬೇಡುವುದಲ್ಲ, ಆ ಮಾತನ್ನು ನಾಲಿಗೆಯ ಮೇಲೆ ತರುವುದು.

"ತಾಯಿ, ನಮ್ಮ ಮನೆಯಲ್ಲಿ ಅಕ್ಕಿ ಹೆಚ್ಚಿದೆ."

ದಾಕ್ಷಾಯಿಣಮ್ಮ ಅವನನ್ನೂ, ಹಿಂದೆ ಬಂದು ನಿಂತಿದ್ದ ಅವನ ಹೆಂಡತಿಯನ್ನೂ ನೋಡಿದಳು. "ಅಯ್ಯೋ, ಅಂತೂ ಹೇಳಿದ್ರಲ್ಲ!" ಅಂದಳು. "ಬನ್ನಿ ಒಳಗೆ. ಅಕ್ಕಿ ಕೊಡ್ತೀನಿ. ಊಟ ಆದ್ಮೇಲೆ ಸುಮ್ಮನೆ ಮಲಗಬೇಡಿ, ಇನ್ನೊಂದು ಲಟ್ಟಣಿಗೆ ಇದೆ."

ಅವತ್ತು ಮಧ್ಯಾಹ್ನ ಅವನು ಒತ್ತಿದ ಮೊದಲ ಹಪ್ಪಳ ಯಾವ ಆಕಾರಕ್ಕೂ ಬರಲಿಲ್ಲ. "ಇದನ್ನ ಮಾರಕ್ಕಾಗಲ್ಲ, ನೀವೇ ತಿನ್ನಿ" ಅಂದಳು ಹೆಂಡತಿ. ಅಣ್ಣ ಸಂಜೆಯ ಬಸ್ಸಿಗೆ ಒಬ್ಬನೇ ಹೋದ.

ಸಂಶಯ ಅವತ್ತೇ ಸತ್ತಿತು ಅಂತ ನಾನು ಹೇಳಲಾರೆ. ಹೇಳಿದರೆ ಸುಳ್ಳಾಗುತ್ತದೆ. ಆಮೇಲೂ ಯಾವಾಗಲಾದರೂ ಅವನ ಕಿವಿ ಗೋಡೆಯ ಕಡೆ ತಿರುಗುತ್ತಿತ್ತು. ಆಗ ಅವನು ಎದ್ದು ಅಡುಗೆಮನೆಗೆ ಹೋಗಿ, "ಏನಂದೆ? ಅರ್ಥ ಆಗಲಿಲ್ಲ" ಅಂತ ಕೇಳುತ್ತಿದ್ದ. ಅವನು ಕಲಿತದ್ದು ಇಷ್ಟೇ.

ಈಗ ನಿಮ್ಮ ಕಡೆ ಬರುತ್ತೇನೆ.

ಯಜಮಾನರೇ, ಕಷ್ಟ ಬಂದಾಗ ಮನೆಯಲ್ಲಿ ಖರ್ಚು ಕಡಿಮೆ ಮಾಡುತ್ತೇವೆ. ಸರಿ. ಎಣ್ಣೆ ಕಡಿಮೆ ಮಾಡಿ, ಹಾಲು ಕಡಿಮೆ ಮಾಡಿ. ಮಾತನ್ನೂ ಯಾಕೆ ಕಡಿಮೆ ಮಾಡುತ್ತೀರಿ? ಅದಕ್ಕೇನು ದುಡ್ಡು ಬೀಳುತ್ತದೆಯೇ? ನಿಮ್ಮ ಮನೆಯ ಅಕ್ಕಿ ಯಾವ ಡಬ್ಬಿಯಲ್ಲಿದೆ, ಇವತ್ತು ಎಷ್ಟಿದೆ, ಗೊತ್ತೇ? ಕೈ ಎತ್ತಿ ನೋಡೋಣ. ಆಯಿತು, ಇಳಿಸಿ, ಎಣಿಸಿದೆ. ಹೆಚ್ಚು ಹೊತ್ತು ಬೇಕಾಗಲಿಲ್ಲ.

ತಾಯಂದಿರೇ, ನೀವೂ ನಕ್ಕು ಸುಮ್ಮನಾಗಬೇಡಿ. ಶಾಸ್ತ್ರ ಇರಲಿ, ಲಕ್ಷ್ಮಿಯ ಮರ್ಯಾದೆಯೂ ಇರಲಿ. ಆದರೆ ಒಳಗೆ ಬೇಯುತ್ತಿರುವುದನ್ನು ಚಂದದ ಮಾತಿನಲ್ಲಿ ಒಮ್ಮೆ ಹೇಳಿ, ಅವರಿಗೆ ಅರ್ಥವಾಗಲಿಲ್ಲ ಅಂತ ಬೆನ್ನು ತಿರುಗಿಸಬೇಡಿ. ಎರಡನೇ ಸಲ ಬಿಡಿಸಿ ಹೇಳಿ. ಮೂರನೇ ಸಲ ಪೇಪರು ಕಿತ್ತುಕೊಂಡು ಹೇಳಿ!

ಯಜಮಾನರೇ, ಇವತ್ತು ಮನೆಗೆ ಹೋದಾಗ ಒಂದು ಕೆಲಸ ಮಾಡಿ. ಬಡಿಸಿದ ತಟ್ಟೆಯ ಮುಂದೆ ಕೂತುಬಿಡಬೇಡಿ. ಒಳಗೆ ಹೋಗಿ. ಅನ್ನದ ಪಾತ್ರೆಯ ಮುಚ್ಚಳವನ್ನು ನಿಮ್ಮ ಕೈಯಿಂದ ತೆಗೆಯಿರಿ. ಒಳಗಿರುವುದು ಇಬ್ಬರಿಗೆ ಸಾಲುತ್ತದೆಯೇ ನೋಡಿ. ಸಾಲದಿದ್ದರೆ ಏನೂ ಉಪದೇಶ ಮಾಡಬೇಡಿ. ಇನ್ನೊಂದು ತಟ್ಟೆ ತಂದು ಪಕ್ಕದಲ್ಲಿಟ್ಟು, ಇರುವುದನ್ನು ಎರಡು ಪಾಲು ಮಾಡಿ, ಆಕೆ ಕೂರುವ ತನಕ ನೀವು ತುತ್ತು ಎತ್ತಬೇಡಿ.